ಪೆನ್ಷನ್ ಕಾಗದ ಅರ್ಥವಾಗದವರಿಗೆ ಕಾಸರಗೋಡಿನ ಉಪ್ಪಳದ ಕಡೆಯ ಒಂದು ಅಕ್ಷಯ ಕೇಂದ್ರ

ಅಮ್ಮನಿಗೆ ವಿಧವಾ ಪೆನ್ಷನ್ ಬರುತ್ತದೆ. ಮಳೆಗಾಲದಲ್ಲಿ ಅದರ ಬಗ್ಗೆ ಒಂದು ಕಾಗದ ಬಂತು, ಪೂರ್ತಿ ಮಲಯಾಳದಲ್ಲಿ. ನಾನು ಕನ್ನಡ ಮೀಡಿಯಂನವ. ಮಲಯಾಳ ಕೇಳಿದರೆ ಅರೆಬರೆ ತಿಳಿಯುತ್ತದೆ, ಓದುವುದು ಬಸ್ಸಿನ ಬೋರ್ಡಿನಷ್ಟೇ. ಪಕ್ಕದ ಮನೆಯ ಹುಡುಗ ಓದಿದ: 'ವರುಮಾನ ಸರ್ಟಿಫಿಕೇಟ್ ಹಾಜರಾಕ್ಕಣಂ.' ಓ, ಅಮ್ಮ ಹಾಜರಾಗಬೇಕು ಅಂದುಕೊಂಡು ಮಂಡಿನೋವಿನ ಅಮ್ಮನನ್ನು ಆಟೋದಲ್ಲಿ ಕೂರಿಸಿ ಕಚೇರಿಗೆ ಕರೆದುಕೊಂಡು ಹೋದೆ. 'ಇವರನ್ನು ಯಾಕೆ ತಂದಿರಿ, ಸರ್ಟಿಫಿಕೇಟ್ ಎಲ್ಲಿ?' ಅಂದರು!

ಅಲ್ಲಿಂದ ಸೀದಾ ಈ ಅಕ್ಷಯ ಕೇಂದ್ರಕ್ಕೆ, ಅಂದರೆ ಸರ್ಕಾರಿ ಅರ್ಜಿಗಳನ್ನು ಆನ್‌ಲೈನಿನಲ್ಲಿ ಹಾಕಿಕೊಡುವ ಕೇರಳದ ಸೇವಾ ಕೇಂದ್ರಕ್ಕೆ. ಕೌಂಟರಿನ ಅಕ್ಕ ಕಾಗದವನ್ನು ಕೆಳಗಿನಿಂದ ಓದಿದರು, ಮೊದಲು ಕೊನೆಯ ತಾರೀಕಿಗೆ ಪೆನ್ಸಿಲಿನಲ್ಲಿ ಗೆರೆ. ಆಮೇಲೆ ನಮ್ಮ ಕನ್ನಡದಲ್ಲೇ, 'ಹಾಜರಾಕ್ಕಣಂ ಅಂದರೆ ತಂದು ಕೊಡಬೇಕು ಅಂತ. ಅಮ್ಮ ಬರುವುದು ಬೇಡ, ಕಾಗದ ಬಂದರೆ ಸಾಕು' ಅಂದರು. ಕುಟುಂಬದ ವರ್ಷದ ಆದಾಯ 1 ಲಕ್ಷ ದಾಟಿಲ್ಲ ಅಂತ ತೋರಿಸಬೇಕಂತೆ. ಅರ್ಜಿಯನ್ನು ಅಲ್ಲೇ ಆನ್‌ಲೈನಿನಲ್ಲಿ ಹಾಕಿದರು, ಸರ್ಟಿಫಿಕೇಟ್ ಕೊಡುವುದು ವಿಲ್ಲೇಜ್ ಆಫೀಸು.

ಅಮ್ಮ ಖುದ್ದು ಬೇಕಾಗುವುದು ಮಸ್ಟರಿಂಗ್‌ಗೆ, ಅಂದರೆ ಬದುಕಿದ್ದೇವೆ ಅಂತ ತೋರಿಸಲಿಕ್ಕೆ. ಅದಕ್ಕೆ ಕೇಂದ್ರದಲ್ಲಿ 30 ರೂಪಾಯಿ, ಹಾಸಿಗೆ ಹಿಡಿದವರ ಮನೆಗೆ ಬಂದರೆ 50. ಬೀಡಿ ಕಟ್ಟಿ ಕಟ್ಟಿ ಸವೆದ ಅಮ್ಮನ ಹೆಬ್ಬೆರಳು ಮೆಷಿನ್‌ಗೆ ಸಿಗಲೇ ಇಲ್ಲ. ಮೂರು ಸಲ ಒರೆಸಿ ಒತ್ತಿಸಿದರು, ಕೊನೆಗೆ ಕಣ್ಣು ಸ್ಕ್ಯಾನ್ ಮಾಡಿದರು. ಒಂದು ಚೂರೂ ಸಿಡುಕಲಿಲ್ಲ.

ಕೊರತೆ ಇಲ್ಲ ಅಂತಲ್ಲ. ಸರ್ವರ್ ಹೋದರೆ ಸುಮ್ನೆ ಕೂರಬೇಕು, ಇರುವುದು ನಾಲ್ಕೇ ಕುರ್ಚಿ. ಕೇಳದೆ ರಶೀದಿಯೂ ಸಿಗುವುದಿಲ್ಲ.

ನಿಜಕ್ಕೂ ಕಾಗದ ಓದಿಸಲಿಕ್ಕೆ ಇನ್ನೊಬ್ಬರ ಹತ್ತಿರ ಹೋಗಬೇಕಾದದ್ದೇ ತಪ್ಪು ಅಲ್ವಾ? ಕನ್ನಡಿಗರು ಜಾಸ್ತಿ ಇರುವ ಕಡೆಯ ಕಚೇರಿಗೆ ಕನ್ನಡದಲ್ಲಿ ಬರೆಯಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಭಾಷಾ ಕಾನೂನಿನಲ್ಲೇ ಇದೆ. ಹಾಗಾಗಿ ನಾನೂ ಕನ್ನಡದಲ್ಲೇ ಒಂದು ಅರ್ಜಿ ಬರೆದು ಕೊಟ್ಟಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.

ಹೋಗುವವರು ಬೆಳಿಗ್ಗೆ ಬೇಗ ಹೋಗಿ. ಆಧಾರ್ ಜೊತೆ ರೇಷನ್ ಕಾರ್ಡೂ ಇರಲಿ, ನಾನು ಅದನ್ನು ಮರೆತು ಆಟೋಗೆ ಎರಡೆರಡು ಸಲ ಕೊಟ್ಟೆ.