70 ಎಂಎಂ, ಇಕ್ವಟೋರಿಯಲ್, ಡಾಬ್: ಧಾರವಾಡದ ಮಾಳಿಗೆ ಮೇಲೆ ಮೂರನ್ನೂ ಇಟ್ಟು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು 6 ಇಂಚಿನ ಡಾಬ್ಸೋನಿಯನ್ (ಡಾಬ್) ಟೆಲಿಸ್ಕೋಪಿಗೆ. ದುಡ್ಡು ಕೊಟ್ಟು ತಗೊಂಡದ್ದು ಅದೊಂದೇ, ಕೊಟ್ಟದ್ದಕ್ಕೆ ಇವತ್ತಿಗೂ ಬೇಜಾರಿಲ್ಲ. ಹಾಗಾಗಿ ಇದನ್ನು ಪಕ್ಷಪಾತ ಇಲ್ಲದ ಹೋಲಿಕೆ ಅಂದುಕೊಂಡು ಓದಬೇಡಿ. ಆದರೆ ಅದನ್ನು ತರುವ ಮುಂಚೆ ಅಕ್ಕನ ಮಗನ 70 ಎಂಎಂ ಅಗಲದ ಲೆನ್ಸಿನ ಟೆಲಿಸ್ಕೋಪು, ಗೆಳೆಯನ 114 ಎಂಎಂ ಕನ್ನಡಿ ಟೆಲಿಸ್ಕೋಪು ಎರಡೂ ನಮ್ಮ ಮನೆ ಮಾಳಿಗೆ ಮೇಲೆ ಸಾಕಷ್ಟು ದಿನ ಬೀಡು ಬಿಟ್ಟಿದ್ದವು. ಅದೇ ಗುರು, ಅದೇ ಶನಿ, ಅದೇ ಸಪ್ತಾಪುರದ ಆಕಾಶ. ಆ ಮಟ್ಟಿಗೆ ಹೋಲಿಕೆ ನ್ಯಾಯವಾದದ್ದೇ.

ಇನ್ನೊಂದು ಮಾತು. ನಾನು ನೋಡುವುದು ಗ್ರಹ ಮತ್ತು ಚಂದ್ರ, ಅಷ್ಟೇ. ಗೆಲಾಕ್ಸಿ, ನೀಹಾರಿಕೆ ಬೇಕೆಂದವರು ಕಪ್ಪತಗುಡ್ಡದ ಕಡೆಗೋ ಅಳ್ನಾವರ ದಾಟಿಯೋ ಹೋಗಲೇಬೇಕು, ಊರಿನ ಬೆಳಕಿನಲ್ಲಿ ಅವು ಸರಿಯಾಗಿ ಕಾಣುವುದಿಲ್ಲ. ಗ್ರಹಕ್ಕೆ ಆ ತಾಪತ್ರಯ ಇಲ್ಲ. ಬೀದಿ ದೀಪದ ಕೆಳಗೆ ನಿಂತು ನೋಡಿದರೂ ಗುರು ಗುರುವೇ. ಗ್ರಹಕ್ಕೆ ಬೇಕಾದ್ದು ಮೇಲೆ ನೆಮ್ಮದಿಯಾಗಿ ನಿಂತ ಗಾಳಿ, ಕೆಳಗೆ ಅಲುಗಾಡದ ಸ್ಟ್ಯಾಂಡು. ಗಾಳಿ ನಮ್ಮ ಕೈಯಲ್ಲಿಲ್ಲ. ಸ್ಟ್ಯಾಂಡು ಇದೆ.

70 ಎಂಎಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 525 ಪಟ್ಟು ಅಂತ ಬರೆದಿರುತ್ತದೆ. ಆ ಲೆಕ್ಕ ಸುಳ್ಳೇನಲ್ಲ. 700 ಎಂಎಂ ಫೋಕಲ್ ಲೆಂತಿಗೆ (ಲೆನ್ಸಿನಿಂದ ಚಿತ್ರ ಮೂಡುವ ಜಾಗದವರೆಗಿನ ದೂರ) 4 ಎಂಎಂ ಐಪೀಸ್ (ಕಣ್ಣಿಡುವ ಲೆನ್ಸು) ಹಾಕಿದರೆ 175 ಪಟ್ಟು, ಅದಕ್ಕೆ ಮೂರು ಪಟ್ಟಿನ ಬಾರ್ಲೋ (ಇನ್ನೂ ದೊಡ್ಡದು ಮಾಡುವ ಲೆನ್ಸು) ಸೇರಿಸಿದರೆ 525. ಆದರೆ ಎಷ್ಟು ಎಂಎಂ ಲೆನ್ಸೋ ಹೆಚ್ಚೆಂದರೆ ಅದರ ಎರಡರಷ್ಟು ಪಟ್ಟು ಅನ್ನುವುದು ಹಳೆಯ ಅಂದಾಜು, ಅಂದರೆ 70ಕ್ಕೆ 140. ಅದರ ಮೇಲೆ ದೊಡ್ಡದು ಮಾಡಿದಷ್ಟೂ ಮಸುಕು. ಅಕ್ಕನ ಮಗ 525ರಲ್ಲಿ ಗುರುವನ್ನು ಹುಡುಕಿ ಹುಡುಕಿ ಸುಸ್ತಾಗಿ ಮೊಬೈಲು ಹಿಡಿದ. ನಾನು ಅದಕ್ಕೆ 10 ಎಂಎಂ ಐಪೀಸ್ ಹಾಕಿ 70 ಪಟ್ಟಿನಲ್ಲಿ ತೋರಿಸಿದೆ. ನಾಲ್ಕು ಚಂದ್ರ, ಗುರುವಿನ ಮೈಮೇಲೆ ಎರಡು ಪಟ್ಟಿ, ಎಲ್ಲ ಚೊಕ್ಕಟವಾಗಿ ಕಂಡವು. ಚಂದ್ರನ ಕುಳಿಗಳಂತೂ ಬಹಳ ಚೆಂದ. ಹಗುರ, ಒಂದು ಚೀಲದಲ್ಲಿ ಹಿಡಿಯುತ್ತದೆ, ಚಿಗರಿ ಬಸ್ಸಿನಲ್ಲಿ ತೊಡೆ ಮೇಲೆ ಇಟ್ಟುಕೊಂಡು ಹುಬ್ಬಳ್ಳಿಗೆ ಒಯ್ದಿದ್ದೇನೆ. ಆದರೆ ಸ್ಟ್ಯಾಂಡಿನ ಕಾಲು ತೆಳ್ಳಗೆ. ಫೋಕಸ್ ಗುಂಡಿ ಮುಟ್ಟಿದರೆ ಗ್ರಹ ಕುಣಿಯುತ್ತದೆ, ಕುಣಿತ ನಿಲ್ಲುವವರೆಗೆ ಉಸಿರು ಹಿಡಿದು ಕಾಯಬೇಕು, ನಿಂತಾಗ ಫೋಕಸ್ ಸರಿಯಿಲ್ಲ ಅಂತ ಗೊತ್ತಾಗುತ್ತದೆ, ಮತ್ತೆ ಮುಟ್ಟಬೇಕು.

ಈಗ 114ರ ಕಥೆ. ಇಲ್ಲಿ ಸ್ವಲ್ಪ ಕೂತು ಮಾತಾಡೋಣ, ಯಾಕೆಂದರೆ ಯಾವ ವಿಮರ್ಶೆಯಲ್ಲೂ ಇದನ್ನು ನಮ್ಮ ಊರಿಗೆ ಅನ್ವಯಿಸಿ ಹೇಳಿದ್ದು ನಾನು ನೋಡಿಲ್ಲ.

ಈ 114 ಕೂರುವುದು ಇಕ್ವಟೋರಿಯಲ್ ಸ್ಟ್ಯಾಂಡಿನ ಮೇಲೆ, ಅದರ ಐಡಿಯಾ ಜಾಣತನದ್ದು. ಭೂಮಿ ತಿರುಗುವುದರಿಂದ ಗ್ರಹಗಳು ಆಕಾಶದಲ್ಲಿ ಸರಿಯುತ್ತವೆ. ಸ್ಟ್ಯಾಂಡಿನ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರ ಇಟ್ಟುಬಿಟ್ಟರೆ ಒಂದೇ ಗುಂಡಿ ತಿರುಗಿಸುತ್ತಾ ಗ್ರಹದ ಬೆನ್ನು ಹತ್ತಬಹುದು. ಆ ಅಕ್ಷವನ್ನು ಎಷ್ಟು ಓರೆ ಇಡಬೇಕು? ನಿಮ್ಮ ಊರಿನ ಅಕ್ಷಾಂಶದಷ್ಟು. ಲಂಡನ್ನಿನಲ್ಲಿ 51 ಡಿಗ್ರಿ ಚಿಲ್ಲರೆ, ದಿಲ್ಲಿಯಲ್ಲಿ 28 ಚಿಲ್ಲರೆ. ನಮ್ಮ ಧಾರವಾಡದಲ್ಲಿ 15 ಡಿಗ್ರಿ ಚಿಲ್ಲರೆ. ಅಂದರೆ ಹೆಚ್ಚುಕಡಿಮೆ ಮಲಗಿಸಿದ ಹಾಗೆ.

ತೊಂದರೆ ಶುರುವಾಗುವುದೇ ಇಲ್ಲಿ. ಟ್ಯೂಬಿನ ಭಾರಕ್ಕೆ ಎದುರಾಗಿ ಇನ್ನೊಂದು ಕಡೆ ಒಂದು ಸರಳು, ಅದರ ತುದಿಗೆ ಕಬ್ಬಿಣದ ತೂಕ ಇರುತ್ತದೆ. ಯುರೋಪಿನಂಥ ಜಾಗದಲ್ಲಿ ಈ ಸರಳು ಕೆಳಗೆ ಬಂದಾಗ ಉತ್ತರಕ್ಕೆ ಚೆನ್ನಾಗಿ ಚಾಚಿಕೊಂಡು ಸ್ಟ್ಯಾಂಡಿನಿಂದ ದೂರ ಇರುತ್ತದೆ. ನಮ್ಮಲ್ಲಿ ಅದು ಹತ್ತಿರಹತ್ತಿರ ನೆಟ್ಟಗೆ ಕೆಳಗಿಳಿಯುತ್ತದೆ, ಇಳಿದು ಸೀದಾ ಸ್ಟ್ಯಾಂಡಿನ ಉತ್ತರದ ಕಾಲಿಗೆ ಬಡಿಯುತ್ತದೆ. ಅದೂ ಯಾವಾಗ? ಗ್ರಹ ಪೂರ್ವದಲ್ಲೋ ಪಶ್ಚಿಮದಲ್ಲೋ ಕೆಳಗಿದ್ದಾಗ. ಅಂದರೆ ಊಟದ ಮುಂಚೆ, ಮನೆಮಂದಿ ಎಲ್ಲ ಮಾಳಿಗೆ ಹತ್ತಿ ನಿಂತಾಗ. ಗೆಳೆಯ ಟ್ಯೂಬು ತಿರುಗಿಸುತ್ತಾನೆ, ಠಣ್ ಅನ್ನುತ್ತದೆ. "ಲೇ, ಮತ್ತ ಕಾಲಿಗೆ ಬಡೀತು ನೋಡಲೇ" ಅನ್ನುತ್ತಾನೆ. ಮೂರು ಕಾಲಿನ ಸ್ಟ್ಯಾಂಡನ್ನು ತಿರುಗಿಸಿ ಉತ್ತರಕ್ಕೆ ಎರಡು ಕಾಲು, ದಕ್ಷಿಣಕ್ಕೆ ಒಂದು ಬರುವ ಹಾಗೆ ಇಟ್ಟೆವು, ಸರಳು ಎರಡರ ನಡುವೆ ನುಸುಳಿತು. ನಿಮ್ಮ ಹತ್ತಿರ ಇಂಥದ್ದು ಈಗಾಗಲೇ ಇದ್ದರೆ ಇದೊಂದು ಮಾಡಿ, ಅರ್ಧ ಕಿರಿಕಿರಿ ಕಮ್ಮಿ ಆಗುತ್ತದೆ.

ಉಳಿದ ಅರ್ಧ? ಅಕ್ಷವನ್ನು 15ಕ್ಕೆ ಇಳಿಸಿ ಹಿಡಿದಿಡುವುದು ಒಂದೇ ಒಂದು ಬೋಲ್ಟು. ಅಷ್ಟು ಮಲಗಿಸಿದಾಗ ಟ್ಯೂಬು, ತೂಕ, ಎಲ್ಲ ಸೇರಿ ಸ್ಟ್ಯಾಂಡಿನ ತಲೆಯನ್ನು ಮುಂದಕ್ಕೆ ಎಳೆಯುತ್ತವೆ. ಬೋಲ್ಟು ಕೈಯಿಂದ ಬಿಗಿದರೆ ಸಾಲುವುದಿಲ್ಲ, ಪಾನಾ ಹಾಕಿ ಬಿಗಿದರೆ ಎರಕದ ಲೋಹ ಬಿರುಕು ಬಿಡುತ್ತೇನೋ ಅನ್ನುವ ಹೆದರಿಕೆ. ಚೆನ್ನಾಗಿ ಶನಿ ಹಿಡಿದು ಕೂತಿರುವಾಗ ಮೆತ್ತಗೆ ಒಂದು ಡಿಗ್ರಿ ಜಾರುತ್ತದೆ, ಶನಿ ಮಾಯ. ಧ್ರುವ ನಕ್ಷತ್ರ ನೋಡಿ ಮತ್ತೆ ಸರಿಮಾಡಿಕೊಳ್ಳೋಣ ಅಂದರೆ ಅದೂ 15 ಡಿಗ್ರಿ ಎತ್ತರದಲ್ಲೇ ಇರುವುದು. ಕೈ ಚಾಚಿ ಮುಷ್ಟಿ ಹಿಡಿದರೆ ದಿಗಂತದಿಂದ ಒಂದೂವರೆ ಮುಷ್ಟಿ. ನಮ್ಮ ಉತ್ತರಕ್ಕೆ ಪಕ್ಕದ ಮನೆಯವರ ನೀರಿನ ಟ್ಯಾಂಕು. ಮೊಬೈಲಿನ ದಿಕ್ಸೂಚಿ ಸಾಕು ಅನ್ನುತ್ತಾರೆ, ಕಣ್ಣಿಂದ ನೋಡುವುದಕ್ಕೆ ನಿಜವಾಗಿ ಸಾಕು ಕೂಡ, ಆದರೆ ಸ್ಲ್ಯಾಬಿನೊಳಗಿನ ಕಬ್ಬಿಣಕ್ಕೆ ಆ ದಿಕ್ಸೂಚಿ ಒಂದೊಂದು ಮೂಲೆಯಲ್ಲಿ ಒಂದೊಂದು ಉತ್ತರ ತೋರಿಸುತ್ತದೆ.

ಇಷ್ಟೆಲ್ಲ ಆದಮೇಲೆ ಗ್ರಹ ನಡು ಆಕಾಶ ದಾಟುತ್ತದೆ. ಆಗ ಟ್ಯೂಬನ್ನು ಈ ಮಗ್ಗುಲಿಂದ ಆ ಮಗ್ಗುಲಿಗೆ ಹೊರಳಿಸಬೇಕು. ಹೊರಳಿಸಿದರೆ ಐಪೀಸು ಟ್ಯೂಬಿನ ಕೆಳಗೆ ಹೋಗಿ ಕೂರುತ್ತದೆ. ಉಂಗುರ ಸಡಿಲಿಸಿ ಟ್ಯೂಬು ತಿರುಗಿಸು, ಮತ್ತೆ ಬಿಗಿ, ಮತ್ತೆ ಹುಡುಕು. ಅಷ್ಟರಲ್ಲಿ ಅಮ್ಮ ಕೆಳಗಿನಿಂದ ಊಟಕ್ಕೆ ಕರೆಯುತ್ತಾರೆ.

ಇದೂ ಸಾಲದು ಅಂತ ಆ 114ರ ಟ್ಯೂಬು ಗಿಡ್ಡ. 1000 ಎಂಎಂ ಫೋಕಲ್ ಲೆಂತು ಅಂತ ಬರೆದಿದ್ದಾರೆ, ಟ್ಯೂಬು ಅದರ ಅರ್ಧದಷ್ಟೇ ಉದ್ದ. ಹೇಗೆ? ಫೋಕಸರಿನೊಳಗೆ (ಐಪೀಸು ಕೂರುವ ಕೊಳವೆ) ಒಂದು ಲೆನ್ಸು ಕೂರಿಸಿ ಫೋಕಲ್ ಲೆಂತನ್ನು ಎಳೆದಿದ್ದಾರೆ. ಕನ್ನಡಿಗಳನ್ನು ಒಂದಕ್ಕೊಂದು ನೇರ ಕೂರಿಸುವ ಕೆಲಸಕ್ಕೆ ಆ ಲೆನ್ಸು ಅಡ್ಡ ಬರುತ್ತದೆ, ಚಿತ್ರ ಯಾವತ್ತೂ ಪೂರ್ತಿ ಚೂಪಾಗಲಿಲ್ಲ. ಈ ಎರಡು ಅಂಕಿ ತಾಳೆಯಾಗದ ಗಿಡ್ಡ ಟ್ಯೂಬು ಕಂಡರೆ ದೂರ ಇರಿ, ಅಂಗಡಿಯವರು ಎಷ್ಟೇ ಡಿಸ್ಕೌಂಟ್ ಕೊಡಲಿ. ಆದರೂ ನ್ಯಾಯವಾಗಿ ಒಂದು ಮಾತು ಹೇಳಬೇಕು: ಎಲ್ಲ ಸರಿ ಕೂತ ದಿನ, ಒಂದೇ ಗುಂಡಿ ಮೆಲ್ಲಗೆ ತಿರುಗಿಸುತ್ತಾ ಗುರುವನ್ನು ನಡುವಲ್ಲೇ ಇಟ್ಟುಕೊಳ್ಳುವ ಸುಖ ನನ್ನ ಡಾಬ್‌ನಲ್ಲಿ ಇಲ್ಲ.

ಡಾಬ್ ಅಂದರೆ ಏನೂ ಇಲ್ಲ. ನೆಲದ ಮೇಲೆ ಕೂರುವ ಹಲಗೆಯ ಡಬ್ಬಿ, ಅದರಲ್ಲಿ ಉದ್ದ ಟ್ಯೂಬು. ಮೇಲೆ-ಕೆಳಗೆ, ಎಡ-ಬಲ, ಕೈಯಿಂದ ನೂಕುವುದು. ಎರಡು ಸಲ ಮೆಟ್ಟಿಲು ಹತ್ತಿದರೆ ಕೆಲಸ ಮುಗಿಯಿತು, ಒಮ್ಮೆ ಡಬ್ಬಿ, ಒಮ್ಮೆ ಟ್ಯೂಬು. ಉತ್ತರ ಎಲ್ಲಿದೆ ಅಂತ ಕೇಳುವುದೂ ಇಲ್ಲ. 150 ಎಂಎಂ ಕನ್ನಡಿ 70 ಎಂಎಂ ಲೆನ್ಸಿಗಿಂತ ನಾಲ್ಕೂವರೆ ಪಟ್ಟು ಬೆಳಕು ಹಿಡಿಯುತ್ತದೆ, ಸೂಕ್ಷ್ಮ ಬಿಡಿಸಿ ತೋರಿಸುವ ಶಕ್ತಿ ಎರಡು ಪಟ್ಟಿಗಿಂತ ಜಾಸ್ತಿ. ಇದು ಕಾಗದದ ಲೆಕ್ಕ. ಕಣ್ಣಿಗೆ ಕಂಡದ್ದು ಹೇಳುತ್ತೇನೆ.

2026ರ ಜನವರಿ 10ಕ್ಕೆ ಗುರು ಭೂಮಿಯ ಒಂದು ಕಡೆ, ಸೂರ್ಯ ಎದುರು ಕಡೆ. ಮಿಥುನ ರಾಶಿಯಲ್ಲಿತ್ತು, ನಮ್ಮ ನೆತ್ತಿಗೆ ತೀರಾ ಹತ್ತಿರ ಬರುತ್ತಿತ್ತು. ಆ ಸೀಸನ್ನಿನ ಒಂದು ರಾತ್ರಿ 120 ಪಟ್ಟಿನಲ್ಲಿ ನೋಡುತ್ತಿದ್ದೆ. ಗುರುವಿನ ಪಟ್ಟಿಯ ಮೇಲೆ ಸೂಜಿ ಮೊನೆಯಿಂದ ಇಟ್ಟ ಹಾಗೆ ಒಂದು ಕಡುಕಪ್ಪು ಚುಕ್ಕೆ. ಐಪೀಸಿನ ಮೇಲೆ ಧೂಳು ಕೂತಿದೆಯೇನೋ ಅಂತ ಟ್ಯೂಬು ಸ್ವಲ್ಪ ನೂಕಿದೆ, ಚುಕ್ಕೆ ಗುರುವಿನ ಜೊತೆಗೇ ಸರಿಯಿತು. ಗುರುವಿನ ನಾಲ್ಕು ಚಂದ್ರಗಳಲ್ಲಿ ಒಂದಾದ ಅಯೋದ ನೆರಳು! ಕೆಳಗೆ ಹೋಗಿ ಚಹಾ ಕುಡಿದು ಬರುವಷ್ಟರಲ್ಲಿ ಅದು ಎದ್ದು ಕಾಣುವಷ್ಟು ಮುಂದೆ ಹೋಗಿತ್ತು. ಅಯೋ ಎರಡು ದಿನಕ್ಕೂ ಕಮ್ಮಿ ಹೊತ್ತಿನಲ್ಲಿ ಗುರುವಿಗೆ ಒಂದು ಸುತ್ತು ಹಾಕುತ್ತದೆ ಅಂತ ಓದಿದ್ದೆ, ಅವತ್ತು ಆ ಅವಸರ ಕಣ್ಣಿಗೆ ಬಿತ್ತು. 70 ಎಂಎಂನಲ್ಲಿ ಇಂಥ ನೆರಳನ್ನು ಇದೆ ಅಂತ ಗೊತ್ತಿದ್ದೂ ಹಿಡಿಯಲು ನನಗೆ ಆಗಿರಲಿಲ್ಲ.

ಶನಿಯ ವಿಷಯ ಬೇರೆ. 2025ರ ಮಾರ್ಚಿನಲ್ಲಿ ಭೂಮಿ ಅದರ ಉಂಗುರದ ಸಮತಟ್ಟನ್ನು ದಾಟಿತು, ಆಮೇಲೂ ಬಹಳ ದಿನ ಉಂಗುರ ಬರೀ ಗೆರೆ. ನೋಡಲು ಬಂದವರೆಲ್ಲ ಇಷ್ಟೇನಾ ಅಂದರು. ನಮ್ಮ ಕಾಕು (ಚಿಕ್ಕಮ್ಮ) ಮಾತ್ರ ಐಪೀಸಿನ ಹತ್ತಿರವೇ ಬರಲು ಒಲ್ಲೆ ಅಂದರು. "ನಾ ಅವನ್ನ ನೋಡ್ತೇನಿ ಖರೆ, ಅವ ನನ್ನ ನೋಡಬಾರ್ದು ನೋಡಪಾ." ಆಮೇಲೆ ಅವರೇ ಜಾಸ್ತಿ ಹೊತ್ತು ಕಣ್ಣಿಟ್ಟರು. ಇನ್ನು ಬರುವ ವರ್ಷಗಳಲ್ಲಿ ಉಂಗುರ ಅಗಲವಾಗುತ್ತಾ ಹೋಗುತ್ತದೆ, ಯಾವ ಟೆಲಿಸ್ಕೋಪು ತಗೊಂಡರೂ ಲಾಭವೇ. ಮಂಗಳ ಮೂರರಲ್ಲೂ ನಿರಾಸೆ. 26 ತಿಂಗಳಿಗೊಮ್ಮೆ ಹತ್ತಿರ ಬಂದರೂ ಕಿತ್ತಳೆ ಬಣ್ಣದ ಸಣ್ಣ ಬಿಲ್ಲೆ, ಅಷ್ಟೇ.

ಡಾಬ್‌ಗೂ ಬಾಧೆ ಇದೆ. 120 ಪಟ್ಟಿನಲ್ಲಿ ಗ್ರಹ ಒಂದೂವರೆ ನಿಮಿಷದಲ್ಲಿ ಐಪೀಸಿನ ಈ ಅಂಚಿನಿಂದ ಆ ಅಂಚಿಗೆ ಓಡುತ್ತದೆ. ನನಗೆ ನೂಕುವುದು ರೂಢಿಯಾಗಿದೆ, ನೆಂಟರಿಗೆ ಎಲ್ಲಿ ರೂಢಿ? ಒಬ್ಬೊಬ್ಬರಿಗೂ ಮತ್ತೆ ಹಿಡಿದು ಕೊಡಬೇಕು. ಇನ್ನು ಗ್ರಹ ನೆತ್ತಿಗೆ ಬಂದಾಗ ಎಡ-ಬಲ ತಿರುಗಿಸುವುದೇ ಕಷ್ಟ, ನೆಟ್ಟಗೆ ನಿಂತ ಟ್ಯೂಬಿಗೆ ಎಡ ಯಾವುದು ಬಲ ಯಾವುದು? ಅರ್ಧ ಮುಕ್ಕಾಲು ಗಂಟೆ ಬಿಟ್ಟು ನೋಡುವುದೇ ವಾಸಿ. ಸಂಜೆ ಮಾಳಿಗೆಯ ಕಾಂಕ್ರೀಟು ಹಗಲಿನ ಕಾವು ಉಗುಳುತ್ತಿರುತ್ತದೆ, ರಾತ್ರಿ ಹತ್ತರವರೆಗೆ ಗ್ರಹ ನೀರಿನೊಳಗೆ ಇದ್ದ ಹಾಗೆ ಅಲೆಯಾಡುತ್ತದೆ. ಬೇಸಿಗೆಯಲ್ಲಿ ನಾನು ಅಂಗಳದ ಮಣ್ಣಿನ ಮೇಲೆ ಇಡುತ್ತೇನೆ. ಜೂನ್ ಬಂತೆಂದರೆ ಧಾರವಾಡದ ಜಿಟಿಜಿಟಿ ಮಳೆ, ಟ್ಯೂಬಿನ ಎರಡೂ ಬಾಯಿ ಮುಚ್ಚಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಮೂಲೆಗೆ ನಿಲ್ಲಿಸುವುದು.

ಆ ತಿಂಗಳುಗಳಲ್ಲಿ ಲ್ಯಾಪ್‌ಟಾಪೇ ಗತಿ. ಇಷ್ಟು ದುಡ್ಡಿಗೆ ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಬರುತ್ತಿತ್ತಲ್ಲ ಅಂತ ಕೇಳುವವರೂ ಇದ್ದಾರೆ, ಅವರ ಮಾತು ತೆಗೆದುಹಾಕುವಂಥದ್ದಲ್ಲ. ನಾಸಾದ ಜೂನೋ ನೌಕೆ 2017ರ ಜುಲೈನಲ್ಲಿ ಗುರುವಿನ ಕೆಂಪು ಮಚ್ಚೆಯ ಮೇಲೆ ಸುಮಾರು 9000 ಕಿಲೋಮೀಟರ್ ಎತ್ತರದಲ್ಲಿ ಹಾದುಹೋಯಿತು, ಆ ಚಿತ್ರದ ಮುಂದೆ ನನ್ನ 6 ಇಂಚು ಏನೇನೂ ಅಲ್ಲ. ಅದರ ಕ್ಯಾಮೆರಾದ ಕಚ್ಚಾ ಚಿತ್ರ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ನೌಕೆ ನಿಮಿಷಕ್ಕೆ ಎರಡು ಸುತ್ತು ತಿರುಗುತ್ತಲೇ ತೆಗೆದದ್ದರಿಂದ ಕೆಂಪು, ಹಸಿರು, ನೀಲಿ ಪಟ್ಟಿ ಪಟ್ಟಿಯಾಗಿ ಬಂದಿರುತ್ತದೆ, ಅವನ್ನು ನಾವೇ ಜೋಡಿಸಬೇಕು. ನಮ್ಮ ಇಸ್ರೋದ ಪ್ರದಾನ್ ಜಾಲತಾಣದಲ್ಲಿ ಚಂದ್ರಯಾನ, ಮಂಗಳಯಾನದ ಚಿತ್ರಗಳಿವೆ, ಹೆಸರು ನೋಂದಾಯಿಸಿಕೊಳ್ಳಬೇಕು, ಕಡತಗಳು ಭಾರಿ ದೊಡ್ಡವು. ಬಾಹ್ಯಾಕಾಶ ನೌಕೆ ಓಡಿಸುವ ಕಂಪ್ಯೂಟರ್ ಆಟಗಳಲ್ಲಿ ಆರ್ಬಿಟರ್ ಪುಕ್ಕಟೆ, 2000ದಿಂದ ಇದೆ, ಕಲಿಯಲು ತಾಳ್ಮೆ ಬೇಕು. ಕರ್ಬಲ್ ದುಡ್ಡಿನದು, ಆದರೆ ಮುಂದೆ ಹೋಗುತ್ತಿರುವ ನೌಕೆಯನ್ನು ಹಿಡಿಯಲು ವೇಗ ತಗ್ಗಿಸಿ ಕೆಳಗಿನ ಕಕ್ಷೆಗೆ ಇಳಿಯಬೇಕು ಅನ್ನುವುದು ನನ್ನ ತಲೆಗೆ ಹೋದದ್ದು ಅದನ್ನು ಆಡಿದ ಮೇಲೆಯೇ. ಆದರೆ ಕಾಕುಗೆ ಕರ್ಬಲ್ ತೋರಿಸಿದರೆ ಏನೂ ಆಗಲಿಲ್ಲ. ಗೆರೆಯಂಥ ಉಂಗುರ ತೋರಿಸಿದಾಗ ಕೈ ಮುಗಿದರು.

ಹಾಗಾದರೆ ಯಾವುದು ತಗೊಳ್ಳಬೇಕು? ಹತ್ತು ಸಾವಿರದೊಳಗೆ ಮುಗಿಸಬೇಕು, ಮಕ್ಕಳಿಗೆ ಚಂದ್ರ ತೋರಿಸಬೇಕು ಅಂದರೆ 70 ಎಂಎಂ, 525ರ ಆಸೆ ಬಿಟ್ಟು. ಮೂವತ್ತು ಸಾವಿರದ ಮೇಲೆ ಹಾಕುವ ತಾಕತ್ತು, ಇಡಲು ಒಂದು ಮೂಲೆ ಇದ್ದರೆ 6 ಇಂಚಿನ ಡಾಬ್, ಎರಡನೇ ಯೋಚನೆ ಬೇಡ. ನಡುವಿನ ಬೆಲೆಗೆ ಸಿಗುವ ಇಕ್ವಟೋರಿಯಲ್ ಈ ಅಕ್ಷಾಂಶದಲ್ಲಿ, ಕಣ್ಣಿಂದ ನೋಡುವವರಿಗೆ, ನಾನಂತೂ ಹೇಳುವುದಿಲ್ಲ. ಮೋಟರು ಹಾಕಿ ಫೋಟೋ ತೆಗೆಯುವವರ ಲೆಕ್ಕ ಬೇರೆ, ಅವರ ಬಜೆಟ್ಟೂ ಬೇರೆ.

ಗೆಳೆಯ ಏನು ಮಾಡಿದ ಅಂತ ಕೇಳುತ್ತೀರಲ್ವಾ? ಸ್ಟ್ಯಾಂಡು ಅಟ್ಟಕ್ಕೆ ಏರಿಸಿ, ಬಡಿಗೇರನ ಹತ್ತಿರ ಪ್ಲೈವುಡ್ಡಿನ ಡಬ್ಬಿ ಮಾಡಿಸಿ ಅದೇ 114ರ ಟ್ಯೂಬು ಅದರಲ್ಲಿ ಕೂರಿಸಿಕೊಂಡ. ಈ ಡಬ್ಬಿಯನ್ನು ಜನಪ್ರಿಯ ಮಾಡಿದ ಜಾನ್ ಡಾಬ್ಸನ್ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಮಠದಲ್ಲಿ ಸನ್ಯಾಸಿಯಾಗಿದ್ದವರು, ಸಿಕ್ಕ ಅಗ್ಗದ ಸಾಮಾನಿನಲ್ಲೇ ಟೆಲಿಸ್ಕೋಪು ಮಾಡಿ ರಸ್ತೆ ಬದಿಯಲ್ಲಿ ನಿಲ್ಲಿಸಿ ಜನರಿಗೆ ಆಕಾಶ ತೋರಿಸುತ್ತಿದ್ದರು. ಗೆಳೆಯನ 114ರಲ್ಲಿ ಚಿತ್ರ ಈಗಲೂ ಸ್ವಲ್ಪ ಮಸುಕೇ, ಒಳಗಿನ ಲೆನ್ಸು ಹೋಗಿಲ್ಲವಲ್ಲ. ಆದರೆ ಠಣ್ ಅನ್ನುವುದು ನಿಂತಿದೆ. ನೀವು ಮಾಡಿಸುವುದಾದರೆ 18 ಎಂಎಂ ಪ್ಲೈ ಹಾಕಿಸಿ, 12 ಎಂಎಂ ಸಾಕು ಅಂತ ಬಡಿಗೇರ ಹೇಳಿದರೆ ಒಪ್ಪಬೇಡಿ, ಅಲುಗಾಡುತ್ತದೆ.