ಆಳ ಹಿಮದಲ್ಲಿ ಎಟಿವಿ: ಟೈರು, ಚೈನು, ಟ್ರ್ಯಾಕು

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟ್ರ್ಯಾಕಿಗೆ. ಎಟಿವಿಯ, ಅಂದರೆ ರಸ್ತೆಯಿಲ್ಲದ ಕಡೆಯೂ ಓಡುವ ನಾಲ್ಕು ಚಕ್ರದ ಪುಟ್ಟ ಗಾಡಿಯ, ನಾಲ್ಕೂ ಚಕ್ರ ಬಿಚ್ಚಿ ಆ ಜಾಗದಲ್ಲಿ ತ್ರಿಕೋನಾಕಾರದ ರಬ್ಬರ್ ಪಟ್ಟಿ ಕೂರಿಸುವ ಕಿಟ್ ಅದು. ಜೇಬಿಗೆ ದೊಡ್ಡ ಕತ್ತರಿಯೇ ಬಿತ್ತು, ನಿಜ. ಆದರೆ ಸಲಿಕೆ ಹಿಡಿದು ಗಾಡಿಯ ಹೊಟ್ಟೆ ಕೆಳಗಿನ ಹಿಮ ಬಗೆಯುವ ಕೆಲಸ ತಪ್ಪಿತು.

ಹಿಮದಲ್ಲಿ ಎಟಿವಿ ಸಿಕ್ಕಿಬೀಳುವುದು ಇಂಜಿನ್ನಿಗೆ ದಮ್ಮಿಲ್ಲ ಅಂತಲ್ಲ. ಗಾಡಿಯ ಹೊಟ್ಟೆಗೂ ನೆಲಕ್ಕೂ ನಡುವೆ ಸಾಮಾನ್ಯವಾಗಿ 10-12 ಇಂಚು ಜಾಗ ಇರುತ್ತದೆ, ಅಷ್ಟೇ. ಹಿಮ ಅದಕ್ಕಿಂತ ಜಾಸ್ತಿಯಾದರೆ ಹೊಟ್ಟೆ ಅದರ ಮೇಲೆ ಕೂತುಬಿಡುತ್ತದೆ, ಚಕ್ರಗಳು ಸುಮ್ನೆ ತಿರುಗುತ್ತಾ ಗುಂಡಿ ತೋಡುತ್ತವೆ. ಎಕ್ಸಿಲರೇಟರ್ ಒತ್ತಿದಷ್ಟೂ ಗುಂಡಿ ಆಳವಾಗುತ್ತದೆ.

ಇದಕ್ಕೆ ಎಲ್ಲರೂ ಮೊದಲು ಮಾಡುವ ಉಪಾಯ ಟೈರಿನ ಗಾಳಿ ಇಳಿಸುವುದು. ಖರ್ಚಿಲ್ಲ, ಐದು ನಿಮಿಷದ ಕೆಲಸ. ಗಾಳಿಯ ಒತ್ತಡ ಮಾಮೂಲಿ 5ರಿಂದ 7 ಪಿಎಸ್‌ಐ ಇರುವುದನ್ನು 3ಕ್ಕೆ ತಂದರೆ ಟೈರು ಅಗಲವಾಗಿ ಹರಡಿಕೊಂಡು ಹಿಮದ ಮೇಲೇ ನಿಲ್ಲುತ್ತದೆ. ಪಾದ ಮುಳುಗುವಷ್ಟು ಹೊಸ ಹಿಮಕ್ಕೆ ಇದು ಧಾರಾಳವಾಗಿ ಸಾಕು.

ನನಗೆ ಕಾಟ ಕೊಟ್ಟಿದ್ದು ಚಳಿಯ ಲೆಕ್ಕ. 20 ಡಿಗ್ರಿ ಬೆಚ್ಚಗಿರುವ ಶೆಡ್ಡಿನಲ್ಲಿ 3 ಪಿಎಸ್‌ಐ ಇಟ್ಟುಕೊಂಡು ಮೈನಸ್ 10 ಡಿಗ್ರಿಗೆ ಹೊರಟರೆ, ಗಾಳಿ ಕುಗ್ಗಿ ಹತ್ತಿರಹತ್ತಿರ 2 ಪಿಎಸ್‌ಐ ತಾನಾಗೇ ಇಳಿಯುತ್ತದೆ. ಕಾರಿನ ಟೈರಿನಲ್ಲಿ ನಾಲ್ಕೈದು ಇಳಿದರೂ ಗಾಡಿ ಓಡುತ್ತದೆ. ಇಲ್ಲಿ ಇರೋದೇ ಮೂರು, ಅದರಲ್ಲಿ ಎರಡು ಹೋದರೆ ಉಳಿಯೋದೇನು? ಸಾಲದ್ದಕ್ಕೆ ಕಾರಿನ ಗೇಜು ಇಷ್ಟು ಕಡಿಮೆ ಒತ್ತಡವನ್ನು ಸರಿಯಾಗಿ ತೋರಿಸುವುದೇ ಇಲ್ಲ. ಕಡಿಮೆ ಒತ್ತಡದ ಗೇಜನ್ನೇ ಬೇರೆ ಕೊಳ್ಳಬೇಕು, ಗಾಳಿಯನ್ನು ಹೊರಗಿನ ಚಳಿಯಲ್ಲೇ ನಿಂತು ಅಳೆಯಬೇಕು.

ಹೀಗೆ ಸೊರಗಿದ ಟೈರು ಇಳಿಜಾರಿನಲ್ಲಿ ಅಡ್ಡ ತಿರುಗುವಾಗ ರಿಮ್ ಬಿಟ್ಟು ಕಳಚಿಕೊಳ್ಳುತ್ತದೆ. ಆಮೇಲಿನ ಫಜೀತಿ ಅನುಭವಿಸಿದವರಿಗೇ ಗೊತ್ತು. ಜಾಕ್ ಹಾಕಿದರೆ ಗಾಡಿ ಮೇಲೇಳುವುದಿಲ್ಲ, ಜಾಕೇ ಹಿಮದೊಳಗೆ ಇಳಿಯುತ್ತದೆ. ಕೆಳಗೆ ಹಲಗೆ ಬೇಕು. ರಿಮ್ಮಿನ ಅಂಚಿಗೆ ಹಿಮ ಮೆತ್ತಿಕೊಂಡಿರುತ್ತದೆ. ಅದನ್ನು ಪೂರ್ತಿ ತೆಗೆಯದಿದ್ದರೆ ಟೈರು ಕೂರುವುದಿಲ್ಲ, ಗ್ಲೌಸ್ ಬಿಚ್ಚದೆ ಅದು ಕೈಗೆ ಸಿಗುವುದಿಲ್ಲ. ನಂತರ ಟೈರಿನ ಸುತ್ತ ಪಟ್ಟಿ ಬಿಗಿದು, ಅಂಚುಗಳು ಹೊರಕ್ಕೆ ಉಬ್ಬುವಂತೆ ಮಾಡಿ, ವಾಲ್ವಿನ ಪಿನ್ ತೆಗೆದು ಗಾಳಿ ಹೊಡೆಯಬೇಕು. ಬ್ಯಾಟರಿಗೆ ಚುಚ್ಚುವ ಪುಟ್ಟ ಪಂಪು ಗಿರ್‌ರ್ ಎನ್ನುತ್ತಲೇ ಇರುತ್ತದೆ, ಗಾಳಿ ಅಂಚಿನಿಂದ ಸೋರುತ್ತಲೇ ಇರುತ್ತದೆ. ಪಕ್ಕದಲ್ಲೇ ಬಿದ್ದ ವಾಲ್ವ್ ಪಿನ್ ಹಿಮದಲ್ಲಿ ಹುಡುಕಿ ನೋಡಿ, ಆಗ ಗೊತ್ತಾಗುತ್ತದೆ. ಟೈರಿನ ಅಂಚನ್ನು ಬೋಲ್ಟ್ ಹಾಕಿ ಬಿಗಿಹಿಡಿಯುವ ಬೀಡ್‌ಲಾಕ್ ರಿಮ್ ಇದಕ್ಕೆ ಮದ್ದು. ಆದರೆ ಅದಕ್ಕೂ ದುಡ್ಡು ಸುರಿದ ಮೇಲೆ, ಮೊಣಕಾಲುದ್ದ ಹಿಮದಲ್ಲಿ ಹೊಟ್ಟೆ ಕೂರುವುದು ಕೂತೇ ಕೂರುತ್ತದೆ.

ಟೈರಿಗೆ ಸುತ್ತುವ ಚೈನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಮಂಜುಗಡ್ಡೆಯ ಮೇಲೆ, ತುಳಿದು ಗಟ್ಟಿಯಾದ ಹಿಮದ ಮೇಲೆ ಅದರಷ್ಟು ಹಿಡಿತ ಬೇರೆ ಯಾವುದಕ್ಕೂ ಇಲ್ಲ. ಪುಡಿ ಹಿಮದಲ್ಲಿ ಮಾತ್ರ ಗುಂಡಿ ಇನ್ನೂ ಬೇಗ ತೋಡುತ್ತದೆ. ಹಾಕುವವರು ಹ್ಯಾಂಡಲ್ ಪೂರ್ತಿ ತಿರುಗಿಸಿ, ಬ್ರೇಕ್ ಪೈಪಿಗೆ ತಾಗುತ್ತದೆಯೇ ಎಂದು ನೋಡಿಕೊಳ್ಳಿ.

ಹಿಮದ ಮೇಲೆ ಓಡಲೆಂದೇ ಮಾಡಿದ ಸ್ನೋಮೊಬೈಲೇ ತಗೋಬಹುದಿತ್ತಲ್ಲ ಎನ್ನುವವರಿಗೆ: ತೇಲುವುದರಲ್ಲಿ, ಓಡುವುದರಲ್ಲಿ ಅದೇ ಮೇಲು. ಆದರೆ ನನ್ನದು ಸೌದೆ ತುಂಬಿದ ಜಾರುಬಂಡಿ ಎಳೆದುಕೊಂಡು ನಿಧಾನಕ್ಕೆ ಹೋಗುವ ಕೆಲಸ. ಹಿಮ ಕರಗಿದ ಮೇಲೂ ಅದೇ ಗಾಡಿ ದುಡಿಯಬೇಕು.

ಇನ್ನು ಟ್ರ್ಯಾಕ್. ಗಾಡಿಯ ಭಾರ ಅಗಲಕ್ಕೆ ಹಂಚಿಹೋಗುತ್ತದೆ, ಗಾಡಿಯ ಹೊಟ್ಟೆಯೂ ಒಂದಿಷ್ಟು ಮೇಲೇರುತ್ತದೆ. ನಾನು ಇಳಿದು ನಿಂತರೆ ತೊಡೆಯವರೆಗೆ ಹೂತುಹೋಗುವ ಜಾಗದಲ್ಲಿ ಗಾಡಿ ಮೇಲೇ ನಿಂತಿರುತ್ತದೆ. ಲೋ ಗೇರಿನಲ್ಲಿ ಹಾಕಿ ಹೆಬ್ಬೆರಳಿಂದ ಎಕ್ಸಿಲರೇಟರ್ ಅದುಮಿದರೆ ಸಾಕು, ಗುರ್ ಎನ್ನುತ್ತಾ ಹೋಗುತ್ತಿರುತ್ತದೆ. ಹೈ ಗೇರಿನಲ್ಲಿ ಹಟ ಮಾಡಿದರೆ ಇಂಜಿನ್ನಿನ ಶಕ್ತಿಯನ್ನು ಚಕ್ರಗಳತ್ತ ಸಾಗಿಸುವ ಡ್ರೈವ್ ಬೆಲ್ಟ್ ಸುಡುತ್ತದೆ, ಅದಂತೂ ಗ್ಯಾರಂಟಿ.

ಕೊರತೆಗಳಿವೆ. ವೇಗ ಚೆನ್ನಾಗಿಯೇ ಕಡಿಮೆಯಾಗುತ್ತದೆ, ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಸ್ಪೀಡೋಮೀಟರ್ ನಿಜಕ್ಕಿಂತ ಜಾಸ್ತಿ ವೇಗ ತೋರಿಸುತ್ತದೆ. ಪವರ್ ಸ್ಟೀರಿಂಗ್ ಇಲ್ಲದ ಗಾಡಿಗೆ ಹಾಕಿಸಬೇಡಿ, ಭುಜ ಬಿದ್ದುಹೋಗುತ್ತದೆ. ಸಂಜೆ ಹಾಗೇ ನಿಲ್ಲಿಸಿದರೆ ಟ್ರ್ಯಾಕಿನ ಒಳಗಿನ ಪುಟ್ಟ ಚಕ್ರಗಳ ನಡುವೆ ತುಂಬಿದ ಹಿಮ ರಾತ್ರಿ ಕಲ್ಲಾಗುತ್ತದೆ. ನಾನು ನಿಲ್ಲಿಸುವ ಮೊದಲು ಒಂದೆರಡು ಸಲ ಹಿಂದೆ ಮುಂದೆ ಓಡಿಸಿ ಹಿಮ ಉದುರಿಸಿ, ಹಲಗೆಯ ಮೇಲೆ ನಿಲ್ಲಿಸುತ್ತೇನೆ. ಬೆಳಗ್ಗೆ ಅಲುಗದಿದ್ದರೆ ಎಕ್ಸಿಲರೇಟರ್ ಒತ್ತುವುದಿಲ್ಲ, ಗಡ್ಡೆಯನ್ನು ಮರದ ತುಂಡಿನಿಂದ ಕುಟ್ಟಿ ಬಿಡಿಸುತ್ತೇನೆ. ಇನ್ನೊಂದು ಮಾತು. ಟ್ರ್ಯಾಕ್ ಇದ್ದರೆ ಎಲ್ಲಿ ಬೇಕಾದರೂ ಹತ್ತಬಹುದು ಎನ್ನುವ ಹುಮ್ಮಸ್ಸು ಬರುತ್ತದೆ. ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲೇ. ಅಂಥ ಕಡೆ ನಾನು ಮೇಲೂ ಹೋಗುವುದಿಲ್ಲ, ಬುಡದಲ್ಲೂ ಹೋಗುವುದಿಲ್ಲ.

ಟ್ರ್ಯಾಕಿನ ಬೆಲೆಗೆ ಒಳ್ಳೆಯ ಸೆಕೆಂಡ್ ಹ್ಯಾಂಡ್ ಎಟಿವಿಯೇ ಬರಬಹುದು. ಚಳಿಗಾಲದ ಶುರುವಿನಲ್ಲಿ ಹಾಕಿ ಹಿಮ ಕರಗಿದ ಮೇಲೆ ಬಿಚ್ಚುವ ನನ್ನಂಥವರಿಗೆ ಅದು ಸರಿ. ಒಂದು ವಾರ ಹಿಮ, ಇನ್ನೊಂದು ವಾರ ಡಾಂಬರು ರಸ್ತೆ ಎನ್ನುವವರು ಹಾಕಿ ಬಿಚ್ಚಿ ಸೋತುಹೋಗುತ್ತಾರೆ, ಡಾಂಬರಿನ ಮೇಲೆ ರಬ್ಬರೂ ಬೇಗ ಸವೆಯುತ್ತದೆ. ಅಂಥವರು, ಮತ್ತೆ ಬಜೆಟ್ ಬಿಗಿ ಇರುವವರು, ಒಳ್ಳೆಯ ಗೇಜು ಇಟ್ಟುಕೊಂಡು ಟೈರಿನಲ್ಲೇ ಹೋಗಿ, ಉಳಿದ ದುಡ್ಡಿಗೆ, ಸಿಕ್ಕಿಬಿದ್ದ ಗಾಡಿಯನ್ನು ಹಗ್ಗ ಸುತ್ತಿ ಎಳೆಯುವ ವಿಂಚ್ ಹಾಕಿಸಿ. ಅದರ ಹಗ್ಗವನ್ನು ಮಾತ್ರ ಒದ್ದೆಯಾಗಿ ಸುತ್ತಿಡಬೇಡಿ. ಡ್ರಮ್ಮಿನಲ್ಲೇ ಹೆಪ್ಪುಗಟ್ಟಿದರೆ ಬೇಕಾದಾಗ ಒಂದು ಮೊಳವೂ ಬಿಚ್ಚುವುದಿಲ್ಲ.