ನೇತಿ ಗಿಂಡಿ ಕೊಳ್ಳುವ ಮುನ್ನ ಮೂತಿಯೊಳಗೆ ಇಣುಕಿ ನೋಡಿ

ಉಪ್ಪುನೀರಿನಿಂದ ಮೂಗು ತೊಳೆಯುವ ಜಲನೇತಿಗೆಂದು ಮಾರುವ ಸಾಮಾನುಗಳಲ್ಲಿ ಸುಲಭವಾಗಿ ಸಿಗುವವು ಸ್ಟೀಲ್ ಗಿಂಡಿ, ತಾಮ್ರದ ಗಿಂಡಿ, ಪಿಂಗಾಣಿಯದು, ಗಟ್ಟಿ ಪ್ಲಾಸ್ಟಿಕ್ಕಿನದು ಮತ್ತು ಹಿಂಡಿದರೆ ನೀರು ಚಿಮ್ಮುವ ಮೆತ್ತನೆ ಬಾಟಲಿ. ಆನ್‌ಲೈನ್ ಅಂಗಡಿಗಳಲ್ಲಿ ಇವಕ್ಕೆ ಬೀಳುವ ಸ್ಟಾರುಗಳು ಹೆಚ್ಚಾಗಿ ಪಾತ್ರೆಯ ಹೊಳಪಿಗೆ, ಪ್ಯಾಕಿಂಗಿಗೆ, ಬೇಗ ಮನೆಗೆ ಬಂದದ್ದಕ್ಕೆ. ಮೂಗಿನೊಳಕ್ಕೆ ನೀರು ಹಾಯಿಸುವ ಪಾತ್ರೆಯ ಬಗ್ಗೆ ಕೇಳಬೇಕಾದದ್ದೇ ಬೇರೆ. ಇದನ್ನು ಕುದಿಸಬಹುದೇ? ಒಳಭಾಗ ಕಣ್ಣಿಗೆ ಕಾಣುತ್ತದೆಯೇ? ಪೂರ್ತಿ ಒಣಗುತ್ತದೆಯೇ?

ಇಷ್ಟು ಕಟ್ಟುನಿಟ್ಟು ಬೇಕಾದದ್ದು ಮೂಗಿನ ರಚನೆಯಿಂದ. ಮೂಗಿನ ಗೂಡಿನ ಮೇಲ್ಗಡೆ ಜರಡಿಯ ಹಾಗೆ ತೂತು ತೂತಾದ ಒಂದು ತೆಳು ಮೂಳೆ ಇದೆ. ವಾಸನೆ ಹಿಡಿಯುವ ಘ್ರಾಣ ನರದ ಎಳೆಗಳು ಆ ತೂತುಗಳಲ್ಲಿ ಹಾದು ಸೀದಾ ಮೆದುಳು ಸೇರುತ್ತವೆ. ಕುಡಿದ ನೀರಿನಲ್ಲಿ ರೋಗಾಣು ಇದ್ದರೆ ಹೊಟ್ಟೆಯ ಆಮ್ಲ ಅದನ್ನು ಎದುರಿಸುತ್ತದೆ. ಮೂಗಿನಲ್ಲಿ ಆಮ್ಲವಿಲ್ಲ, ಸಿಂಬಳ ಮತ್ತು ಲೋಳೆಪೊರೆಯೇ ಅಲ್ಲಿನ ಕಾವಲು. ಆಸ್ಟ್ರೇಲಿಯದ ಗ್ರಿಫಿತ್ ವಿಶ್ವವಿದ್ಯಾಲಯದವರು 2022ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಇಲಿಗಳ ಮೂಗಿಗೆ ಹಾಕಿದ ಕ್ಲಮೈಡಿಯಾ ನ್ಯುಮೋನಿಯೇ ಎಂಬ ಬ್ಯಾಕ್ಟೀರಿಯಾ ನರಗಳ ದಾರಿ ಹಿಡಿದು 72 ಗಂಟೆಯೊಳಗೆ ಮೆದುಳು ಮುಟ್ಟಿತ್ತು. ಇದು ಉಸಿರಾಟದ ಸೋಂಕಿನದು, ಲೈಂಗಿಕ ರೋಗದ ಕ್ಲಮೈಡಿಯಾ ಅಲ್ಲ. ಮೂಗಿನ ಒಳಪೊರೆಗೆ ಮೊದಲೇ ಪೆಟ್ಟಾಗಿದ್ದ ಇಲಿಗಳಲ್ಲಿ ನರಗಳ ಸೋಂಕು ಇನ್ನೂ ಹೆಚ್ಚಿತ್ತು.

ಅದಕ್ಕೂ ಮೊದಲು, 2016ರಲ್ಲಿ, ಮೆಲಿಯಾಯ್ಡೋಸಿಸ್ ರೋಗ ತರುವ ಬರ್ಕ್‌ಹೋಲ್ಡೇರಿಯಾ ಸ್ಯೂಡೋಮ್ಯಾಲಿಯೈ ಬ್ಯಾಕ್ಟೀರಿಯಾ ಇಲಿಯ ಮೂಗಿನಿಂದ ಮುಖದ ಸ್ಪರ್ಶ ಒಯ್ಯುವ ಟ್ರೈಜೆಮಿನಲ್ ನರದ ಮೂಲಕ ದಿನವೊಂದರಲ್ಲೇ ಮೆದುಳಿನ ಬುಡಕ್ಕೆ ಹೋಗಬಲ್ಲದು ಎಂದು ಸಂಶೋಧಕರು ತೋರಿಸಿದ್ದರು. ನಮ್ಮ ಕರಾವಳಿಯವರಿಗೆ ಈ ಹೆಸರು ಹೊಸದೇನಲ್ಲ. ಉಡುಪಿ, ದಕ್ಷಿಣ ಕನ್ನಡದಲ್ಲಿ ಮಳೆಗಾಲ ಬಂತೆಂದರೆ ಮಣ್ಣು, ಕೆಸರು ನೀರಿನಿಂದ ಹತ್ತುವ ಕಾಯಿಲೆ ಇದು. ಇಲಿಯಲ್ಲಿ ಕಂಡದ್ದೆಲ್ಲ ಮನುಷ್ಯನಲ್ಲೂ ಹಾಗೇ ನಡೆಯುತ್ತದೆ ಎಂದು ಹೇಳಲಾಗದು. ಆದರೆ ಅಪಘಾತದಲ್ಲಿ ಆ ಜರಡಿ ಮೂಳೆ ಸೀಳಿದವರಿಗೆ ನ್ಯುಮೋಕಾಕಸ್ ಬ್ಯಾಕ್ಟೀರಿಯಾದ ಮೆದುಳುಪೊರೆಯ ಉರಿಯೂತ ಮತ್ತೆ ಮತ್ತೆ ಬರುವುದನ್ನು ವೈದ್ಯರು ಬಹಳ ಕಾಲದಿಂದ ಕಂಡಿದ್ದಾರೆ.

ನೇತಿಯಿಂದಲೇ ಜೀವ ಹೋದ ಪ್ರಕರಣಗಳಲ್ಲಿ ಕಾರಣ ಬ್ಯಾಕ್ಟೀರಿಯಾ ಅಲ್ಲ, ಹೆಚ್ಚಾಗಿ ನೆಗ್ಲೇರಿಯಾ ಫೌಲೆರಿ ಎಂಬ ಅಮೀಬಾ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿ ನೀರಿನಿಂದ ನೇತಿ ಮಾಡಿದ ಇಬ್ಬರು ಸತ್ತರು. ಸೋಂಕು ತೀರಾ ಅಪರೂಪ, ತಗುಲಿದರೆ ಬದುಕುವುದು ಅದಕ್ಕಿಂತ ಅಪರೂಪ: ಆ ದೇಶದಲ್ಲಿ 1962ರಿಂದ 2023ರವರೆಗೆ ದಾಖಲಾದ 164 ಮಂದಿಯಲ್ಲಿ ಉಳಿದವರು ನಾಲ್ವರು. ಕೇರಳದಲ್ಲಿ ಮೆದುಳಿನ ಅಮೀಬಾ ಸೋಂಕಿನ ಪ್ರಕರಣಗಳು ಹೆಚ್ಚಿದ ಮೇಲೆ, 2025ರ ನವೆಂಬರಿನಲ್ಲಿ ಕರ್ನಾಟಕದ ಆರೋಗ್ಯ ಇಲಾಖೆಯೂ ಶಬರಿಮಲೆ ಯಾತ್ರಿಕರಿಗೆ ಮೂಗಿಗೆ ನೀರು ಹೋಗದಂತೆ ಸ್ನಾನ ಮಾಡಿ ಎಂದು ಸೂಚನೆ ಕೊಟ್ಟಿತು. ಹಾಗೆಂದು ನೇತಿಯನ್ನೇ ಬಿಡಬೇಕಿಲ್ಲ; ಅಲರ್ಜಿ ನೆಗಡಿಗೆ, ಸೈನಸ್ ಶಸ್ತ್ರಚಿಕಿತ್ಸೆಯ ನಂತರದ ಆರೈಕೆಗೆ ಇಎನ್‌ಟಿ ವೈದ್ಯರೇ ಉಪ್ಪುನೀರಿನಿಂದ ಮೂಗು ತೊಳೆಯಲು ಹೇಳುತ್ತಾರೆ. ತಪ್ಪು ನೇತಿಯದಲ್ಲ, ನೀರಿನದು.

ಈಗ ಪಾತ್ರೆಗಳಿಗೆ ಬರೋಣ.

ತಾಮ್ರದ ಗಿಂಡಿ ನೋಡಲು ಎಲ್ಲಕ್ಕಿಂತ ಚೆಂದ, ಈ ಕೆಲಸಕ್ಕೆ ಎಲ್ಲಕ್ಕಿಂತ ಕಡೆ. ತಾಮ್ರ ರೋಗಾಣು ಕೊಲ್ಲುತ್ತದೆ ಎಂಬ ಮಾತು ಸುಳ್ಳಲ್ಲ. ಬೆಂಗಳೂರಿನ ಸಂಶೋಧಕರು 2012ರಲ್ಲಿ ಭೇದಿ ತರುವ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿಟ್ಟು ಇದನ್ನು ತೋರಿಸಿದ್ದರು. ಅವರು ನೀರನ್ನು ಇಟ್ಟದ್ದು 16 ಗಂಟೆ, ಅದೂ ಕುಡಿಯುವ ನೀರು. ನೇತಿಯಲ್ಲಿ ನೀರು ಗಿಂಡಿಯೊಳಗೆ ಇರುವುದು ಎರಡು ನಿಮಿಷ. ಮೇಲಾಗಿ ಉಪ್ಪುನೀರು ತಾಮ್ರವನ್ನು ತಿನ್ನುತ್ತದೆ, ಹಸಿರು ಕಿಲುಬು ಕಟ್ಟುತ್ತದೆ. ಹೊಟ್ಟೆಭಾಗವನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದು, ಮೂತಿಯೊಳಗಿನ ಕಿಲುಬಿಗೆ ಕೈ ತಲುಪುವುದಿಲ್ಲ. ದೇವರ ಮನೆಗೆ ಬೇಕಾದರೆ ಕೊಳ್ಳಿ.

ಸ್ಟೀಲ್ ಗಿಂಡಿ ಕುದಿಸಲು ಹೇಳಿ ಮಾಡಿಸಿದ್ದು. ಅದರ ಕುಂದು ಇರುವುದು ಬೆಸುಗೆಯಲ್ಲಿ, ಮೂತಿ ಹೊಟ್ಟೆಗೆ ಸೇರುವ ಜಾಗದಲ್ಲಿ. ಅಗ್ಗದ ಮಾಲಿನಲ್ಲಿ ಬೆಸುಗೆ ಒಳಗಡೆ ಒರಟಾಗಿ ಉಳಿದಿರುತ್ತದೆ. ಅಲ್ಲಿ ಲೋಳೆ ಕಟ್ಟುತ್ತದೆ, ಉಪ್ಪು ಕೂತು ತುಕ್ಕಿನ ಚುಕ್ಕೆ ಮೂಡುತ್ತದೆ. ಅಂಗಡಿಯಲ್ಲೇ ಮೊಬೈಲ್ ಟಾರ್ಚ್ ಹಾಕಿ ಒಳಗೆ ನೋಡಿ, ಬೆರಳಾಡಿಸಿ. ಮೂತಿಯ ತುದಿ ಹೊಳ್ಳೆಯನ್ನು ನೀರು ಸೋರದಂತೆ ಮುಚ್ಚುವಷ್ಟು ದಪ್ಪವಿರಬೇಕು, ಅಂಚು ಹೊರಕ್ಕೆ ಮಡಚಿ ನುಣುಪಾಗಿರಬೇಕು. ಕತ್ತರಿಸಿ ಹಾಗೇ ಬಿಟ್ಟ ಅಂಚು ಹೊಳ್ಳೆಯನ್ನು ಗೀರುತ್ತದೆ, ಗೀರಿದ ಒಳಪೊರೆಯ ಕತೆ ಮೇಲೆ ಹೇಳಿಯಾಯಿತು. ಪ್ಲಾಸ್ಟಿಕ್ ಗಿಂಡಿಯಲ್ಲೂ ಅಚ್ಚಿನ ಎರಡು ಹೋಳು ಕೂಡಿದ ಗೆರೆ ತುದಿಯಲ್ಲಿ ಚೂಪಾಗಿ ಉಳಿದಿರುವುದುಂಟು. ಪಾರದರ್ಶಕವಾಗಿದ್ದರೆ ಕೊಳೆ ಕಾಣುತ್ತದೆ ಎಂಬುದೇ ಅದರ ದೊಡ್ಡ ಗುಣ. ಪಿಂಗಾಣಿ ಚೆನ್ನಾಗಿ ಶುಚಿಯಾಗುತ್ತದೆ, ಆದರೆ ಒದ್ದೆ ಕೈ, ಸಿಂಕು, ಬಗ್ಗಿದ ಭಂಗಿ ಮೂರೂ ಸೇರಿದಾಗ ಅದರ ಆಯಸ್ಸು ಕಡಿಮೆ.

ಹಿಂಡುವ ಬಾಟಲಿಗಳಲ್ಲಿ ದೊಡ್ಡವರ ಅಳತೆ ಸಾಮಾನ್ಯವಾಗಿ 240 ಮಿಲಿ. ಒತ್ತಡ ಇರುವುದರಿಂದ ಕಟ್ಟಿದ ಮೂಗಿಗೂ ನೀರು ನುಗ್ಗುತ್ತದೆ. ಗಿಂಡಿಯಲ್ಲಿ ಇದು ಆಗದು. ಬಾಟಲಿಯ ತೊಂದರೆ ಎರಡು. ಜೋರಾಗಿ ಹಿಂಡಿದರೆ ಕಿವಿಗೆ ನೀರು ಏರಿ ಗಪ್ಪೆನ್ನುತ್ತದೆ. ತುದಿಯನ್ನು ಹೊಳ್ಳೆಯಿಂದ ತೆಗೆಯುವ ಮೊದಲೇ ಹಿಡಿತ ಸಡಿಲಿಸಿದರೆ, ಮೂಗಿನ ಕೊಳಕು ನೀರನ್ನು ಬಾಟಲಿ ವಾಪಸು ಹೀರಿಕೊಳ್ಳುತ್ತದೆ. ಹಾಗಾಗಿ ಹಿಂಡಿದ ಸ್ಥಿತಿಯಲ್ಲೇ ತುದಿಯನ್ನು ಹೊರಗೆ ತೆಗೆಯಬೇಕು, ಆಮೇಲೆ ಬಿಡಬೇಕು. ಒಳಗಿನ ಸಣ್ಣ ನಳಿಕೆಯನ್ನು ದಿನವೂ ಬಿಚ್ಚಿ ತೊಳೆಯಬೇಕು. ಬಳಸಿದ ಬಾಟಲಿಗಳಲ್ಲಿ ಸ್ಟ್ಯಾಫಿಲೋಕಾಕಸ್, ಸ್ಯೂಡೋಮೊನಾಸ್ ಬ್ಯಾಕ್ಟೀರಿಯಾಗಳು ಸಿಕ್ಕಿವೆ. ಕುದಿನೀರಿಗೆ ಹಾಕಿದರೆ ಮೆತ್ತನೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಆದ್ದರಿಂದ ಮೂರು ತಿಂಗಳಿಗೊಮ್ಮೆ ಹೊಸದು ಕೊಳ್ಳುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿ. ಬ್ಯಾಟರಿಯಿಂದ ನೀರು ಮಿಡಿಸುವ ಯಂತ್ರಗಳೂ ಬಂದಿವೆ. ಅವುಗಳ ಒಳಕೊಳವೆ ಕಣ್ಣಿಗೂ ಕಾಣದು, ಸರಿಯಾಗಿ ಒಣಗುವುದೂ ಇಲ್ಲ, ಬೇಡ.

ನೀರಿನ ವಿಚಾರದಲ್ಲಿ ಪೆಟ್ಟಿಗೆಯೊಳಗಿನ ಚೀಟಿಗಳು ಎಡವುತ್ತವೆ. ‘ಉಗುರುಬೆಚ್ಚನೆಯ ಶುದ್ಧ ನೀರು’ ಎಂದಷ್ಟೇ ಅಚ್ಚು ಹಾಕಿದ ಚೀಟಿ ಏನನ್ನೂ ಹೇಳಿದ ಹಾಗಾಗಲಿಲ್ಲ. ಅನೇಕರು ಗೀಸರ್ ನೀರು ಹಿಡಿಯುತ್ತಾರೆ. ನೆಗ್ಲೇರಿಯಾ 46 ಡಿಗ್ರಿವರೆಗಿನ ಬಿಸಿಯಲ್ಲೂ ಬೆಳೆಯುವ ಅಮೀಬಾ, ಹದ ಬಿಸಿ ಅದಕ್ಕೆ ಹಿತ. ಆರ್‌ಒ ಫಿಲ್ಟರಿನ ಪೊರೆ ಅಮೀಬಾವನ್ನೂ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ ನಿಜ, ಆದರೆ ನಲ್ಲಿಗೆ ಬರುವ ನೀರು ಅದರಾಚೆಯ ಶೇಖರಣಾ ಟ್ಯಾಂಕಿನದು; ಅಲ್ಲಿ ಲೋಳೆ ಕಟ್ಟಿದ್ದರೆ ಪೊರೆ ಇದ್ದೂ ಉಪಯೋಗವಿಲ್ಲ. 20 ಲೀಟರ್ ಕ್ಯಾನಿನ ನೀರು ಕುಡಿಯಲಿಕ್ಕೆ, ಕ್ರಿಮಿರಹಿತವಲ್ಲ. ಪೆಟ್ರೋಲ್ ಬಂಕಿನ ‘ಡಿಸ್ಟಿಲ್ಡ್ ವಾಟರ್’ ಬ್ಯಾಟರಿಗೆ ಹಾಕುವುದು, ಹೆಸರು ನೋಡಿ ಮೋಸ ಹೋಗಬೇಡಿ.

ಮನೆಯಲ್ಲಿ ಮಾಡುವ ಕ್ರಮ ಇಷ್ಟೇ. ಒಂದು ಲೀಟರ್ ನೀರು ಕೊತಕೊತ ಕುದಿ ಬಂದ ಮೇಲೆ 9 ಗ್ರಾಂ ಅಯೋಡಿನ್ ಇಲ್ಲದ ಪುಡಿ ಉಪ್ಪು ಹಾಕಿ. ತಣ್ಣೀರಿಗೇ ಹಾಕಿದರೆ ಕರಗದ ಹರಳು ಸ್ಟೀಲ್ ಪಾತ್ರೆಯ ತಳದಲ್ಲಿ ಗುಳಿ ಕೊರೆಯುತ್ತದೆ. ಇಳಿಸಿದ ಮೇಲೆ ಹಾಕಿದರೆ ಉಪ್ಪಿನ ಡಬ್ಬಿ, ಚಮಚದ ಕೊಳಕು ಕುದಿಯದೇ ಉಳಿಯುತ್ತದೆ. ಉಪ್ಪು ಬಿದ್ದ ಮೇಲೂ ಮೂರರಿಂದ ಐದು ನಿಮಿಷ ಕುದಿಯಲಿ, ಮುಚ್ಚಿಟ್ಟೇ ಆರಲಿ. ಅಂಚಿಗೆ ಸವರಿ ಅಳೆದ ಟೀ ಚಮಚದಲ್ಲಿ ಸುಮಾರು 6 ಗ್ರಾಂ ಉಪ್ಪು ಹಿಡಿಯುತ್ತದೆ, ಅಂದರೆ ಲೀಟರಿಗೆ ಒಂದೂವರೆ ಚಮಚ. ಕಲ್ಲುಪ್ಪಾದರೆ ಚಮಚದ ಲೆಕ್ಕ ನಂಬಬೇಡಿ, ತೂಗಿ. ಮೂಗು ಉರಿದರೆ ಉಪ್ಪು ಕಡಿಮೆಯೋ ಹೆಚ್ಚೋ ಆಗಿದೆ ಎಂದರ್ಥ. ಬರಿ ನೀರು ಎಲ್ಲಕ್ಕಿಂತ ಜಾಸ್ತಿ ಉರಿಸುತ್ತದೆ. ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಿತ. ಮುಚ್ಚಿದ ಶುಚಿ ಪಾತ್ರೆಯಲ್ಲಿ 24 ಗಂಟೆ ಮಾತ್ರ ಇಡಬಹುದು.

ಸಿಂಕಿನ ಮೇಲೆ ಮುಂದಕ್ಕೆ ಬಾಗಿ, ತಲೆ ಓರೆ ಮಾಡಿ, ಬಾಯಲ್ಲಿ ಉಸಿರಾಡಿ. ನೀರು ಗಂಟಲಿಗೆ ಇಳಿಯುತ್ತಿದ್ದರೆ ತಲೆ ಹಿಂದಕ್ಕೆ ವಾಲಿದೆ, ಹಣೆ ತಗ್ಗಿಸಿ. ಮುಗಿದ ಮೇಲೆ ಬಗ್ಗಿಯೇ ನಿಂತು ನೀರು ಇಳಿಯಲು ಬಿಡಿ. ಎರಡೂ ಹೊಳ್ಳೆ ಒತ್ತಿ ಸಿಂಬಳ ಸೀದಬೇಡಿ, ನೀರು ಕಿವಿಗೆ ಏರುತ್ತದೆ. ಮಲಗುವ ಮುಂಚೆ ಒಂದು ಗಂಟೆಯ ಬಿಡುವಿರಲಿ. ಗಿಂಡಿಯನ್ನು ಸೋಪಿನಿಂದ ತೊಳೆದು, ಕುದಿಸಿದ ನೀರಿನಲ್ಲೇ ಜಾಲಿಸಿ ಬೋರಲು ಹಾಕಿ. ನಲ್ಲಿ ನೀರಿನಲ್ಲಿ ಜಾಲಿಸಿದರೆ ಕುದಿಸಿದ್ದು ದಂಡ.

ಕೆಲವು ಸೆಟ್‌ಗಳ ಜೊತೆ ಸೂತ್ರನೇತಿಯ ರಬ್ಬರ್ ನಳಿಕೆಯನ್ನು ಉಚಿತವಾಗಿ ಕೊಡುತ್ತಾರೆ. ಅದನ್ನು ಚೀಟಿ ಓದಿಕೊಂಡು ಮೂಗಿಗೆ ತೂರಿಸುವುದು ಒಳಪೊರೆ ಗಾಯವಾಗಲು ಸುಲಭದ ದಾರಿ. ಮೂಗಿನಲ್ಲಿ ರಕ್ತ ಬರುತ್ತಿದ್ದರೆ, ತಲೆಗೆ ಪೆಟ್ಟಾಗಿದ್ದರೆ, ಬಗ್ಗಿದಾಗ ಒಂದೇ ಹೊಳ್ಳೆಯಿಂದ ತಿಳಿನೀರು ತೊಟ್ಟಿಕ್ಕುತ್ತಿದ್ದರೆ ಯಾವ ಪಾತ್ರೆಯೂ ಬೇಡ, ಮೊದಲು ವೈದ್ಯರು. ನೇತಿ ಮಾಡಿದ ಎರಡು ವಾರದೊಳಗೆ ಜ್ವರ, ವಿಪರೀತ ತಲೆನೋವು, ವಾಂತಿ, ಕತ್ತು ಬಿಗಿತ ಬಂದರೆ ಆಸ್ಪತ್ರೆಯಲ್ಲಿ ನೇತಿ ಮಾಡಿದ್ದನ್ನೂ, ಯಾವ ನೀರು ಬಳಸಿದಿರಿ ಎಂಬುದನ್ನೂ ಕೇಳುವ ಮೊದಲೇ ಹೇಳಿಬಿಡಿ.

ಐದರಲ್ಲಿ ಅಂಕ ಹಾಕುವುದಾದರೆ ನುಣುಪು ಬೆಸುಗೆಯ ಸ್ಟೀಲಿಗೆ ನಾಲ್ಕು, ಹಿಂಡುವ ಬಾಟಲಿಗೆ ಮೂರೂವರೆ, ಪಿಂಗಾಣಿಗೂ ಪಾರದರ್ಶಕ ಪ್ಲಾಸ್ಟಿಕ್ಕಿಗೂ ಮೂರು, ತಾಮ್ರಕ್ಕೆ ಒಂದು. ಬೆಸುಗೆ ಒರಟಾಗಿದ್ದರೆ ಸ್ಟೀಲಿಗೂ ಒಂದೇ.